ಐವತ್ತು ನಿಮಿಷದೊಳಗೆ

ನಾನು ಒಂದು ರೇಸ್ ಸೈಕಲ್ಲು. ಮೈಬಣ್ಣ ನೀಲಿ. ಅಲ್ಯೂಮಿನಿಯಂ ಚೌಕಟ್ಟು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಎರಡು ಬೆರಳು ಅಗಲದ ಟೈರು. ಹಾಲಿನ ಕ್ಯಾನು ಕಟ್ಟಲು ನನಗೆ ಕ್ಯಾರಿಯರ್ ಇಲ್ಲ, ಕೆಸರು ತಡೆಯಲು ಮಡ್‌ಗಾರ್ಡ್ ಇಲ್ಲ, ಕೊನೆಗೆ ಟ್ರಿಣ್ ಎನ್ನಲು ಒಂದು ಗಂಟೆಯೂ ಇಲ್ಲ. ನನ್ನನ್ನು ಮೊದಲ ಸಲ ನೋಡಿದವರು, "ಇದಕ್ಕ ಸ್ಟ್ಯಾಂಡ್ ಸೈತ ಇಲ್ಲಲ್ಲೋ, ನಿಲ್ಲೂದು ಹೆಂಗ?" ಎಂದು ಕೇಳುತ್ತಾರೆ. ನಿಲ್ಲುವುದಕ್ಕೆ ಯಾರೂ ನನ್ನನ್ನು ಮಾಡಲಿಲ್ಲ.

ಹುಟ್ಟಿದ್ದು ಸಮುದ್ರದಾಚೆಯ ತೈವಾನ್ ದ್ವೀಪದ ಒಂದು ಕಾರ್ಖಾನೆಯಲ್ಲಿ. ಕಪ್ಪು ಗಾಜಿನ ಮುಖವಾಡ ತೊಟ್ಟ ಹೆಂಗಸೊಬ್ಬಳು ನನ್ನ ಕೊಳವೆಗಳನ್ನು ಬೆಸೆದಳು. ಬೆಸುಗೆ ಆರಿದ ಮೇಲೆ ಮುಖವಾಡ ಮೇಲೆತ್ತಿ, ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿ, ಸರಿ ಎಂಬಂತೆ ತಲೆದೂಗಿದಳು. ಅವಳ ಮುಖ ನಾನು ನೋಡಿದ್ದು ಅಷ್ಟೇ ಹೊತ್ತು. ಆಮೇಲೆ ಬಣ್ಣದ ಕೋಣೆ, ರಟ್ಟಿನ ಪೆಟ್ಟಿಗೆ, ಹಡಗು, ಲಾರಿ. ಪೆಟ್ಟಿಗೆ ಬಿಚ್ಚಿದಾಗ ನಾನು ವಿಜಯಪುರದ ಒಂದು ಕ್ರೀಡಾ ವಸತಿನಿಲಯದ ಅಂಗಳದಲ್ಲಿದ್ದೆ.

ಈ ಊರಿಗೆ ಸೈಕಲ್ಲಿನ ಹುಚ್ಚು. ಬೆಳಕು ಹರಿಯುತ್ತಿದ್ದಂತೆ ಹುಡುಗ ಹುಡುಗಿಯರು ಇರುವೆಸಾಲಿನಂತೆ ರಸ್ತೆಗೆ ಬೀಳುತ್ತಾರೆ. ಅಂಥವರಲ್ಲಿ ಒಬ್ಬಳಾದ ಸೋನಿ ರಾಠೋಡಳಿಗೆ ನಾನು ಸಿಕ್ಕೆ. ತಾಂಡಾದಿಂದ ಬಂದ ಹದಿನೈದರ ಹುಡುಗಿ. ಮಾತು ಕಡಿಮೆ, ತೊಡೆ ಕಬ್ಬಿಣ. ಟೈಮ್ ಟ್ರಯಲ್ ಎಂದರೇನು ಎಂದು ನಾನು ಕಲಿತದ್ದು ಅವಳ ಕೆಳಗೆ. ಆ ಸ್ಪರ್ಧೆಯಲ್ಲಿ ಗುಂಪಿಲ್ಲ, ನೂಕಾಟವಿಲ್ಲ. ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ರಸ್ತೆ ನಿನ್ನದು, ಗಾಳಿ ನಿನ್ನದು, ಉಸಿರೂ ನಿನ್ನದೇ. ಮುಂದೆ ಹೋದವನ ಬೆನ್ನ ಮರೆಯಲ್ಲಿ ಅಡಗಿ ಗಾಳಿ ತಪ್ಪಿಸಿಕೊಂಡರೆ ಹೆಸರು ಹೊಡೆದು ಹಾಕುತ್ತಾರೆ. ಕಡೆಗೆ ಗಡಿಯಾರ ಒಂದೇ ತೀರ್ಪು ಹೇಳುತ್ತದೆ.

ಸೋನಿ ಮೂರು ವರ್ಷ ನನ್ನನ್ನು ಗಾಳಿಯಂತೆ ಓಡಿಸಿ ರಾಜ್ಯಮಟ್ಟದ ಪದಕ ಗೆದ್ದಳು. ಗೆದ್ದವಳಿಗೆ ಕಾರ್ಬನ್ ಸೈಕಲ್ಲು ಬಂತು. ಅದು ನನಗಿಂತ ಎಷ್ಟೋ ಹಗುರ. ನಾನು ಸಾಮಾನಿನ ಕೋಣೆ ಸೇರಿದೆ. ನಾಲ್ಕು ವರ್ಷ ನನ್ನ ಹ್ಯಾಂಡಲ್ಲಿಗೆ ಹರಿದ ವಾಲಿಬಾಲ್ ನೆಟ್ಟು ಜೋತುಬಿದ್ದಿತ್ತು. ಆಮೇಲೆ ಹಳೆ ಸಾಮಾನು ಹರಾಜಾದಾಗ ಸೈಕಲ್ ರಿಪೇರಿಯ ದಸ್ತಗೀರ ನನ್ನನ್ನು ಅಂಗಡಿಗೆ ಹೊತ್ತು ತಂದ. ಸೀಮೆಎಣ್ಣೆಯಲ್ಲಿ ಚೈನು ತೊಳೆದ, ಹೊಸ ಟೈರು ಹಾಕಿದ, ಗೋಡೆಯ ಕೊಕ್ಕೆಗೆ ನೇತುಹಾಕಿದ. ಹುಡುಗರು ಬಂದು ಮುಟ್ಟಿ ನೋಡಿ, "ಹಳೇ ಮಾಡಲ್ ಐತಿ" ಎಂದು ಹೋಗುತ್ತಿದ್ದರು.

ಹಾಗೆ ಹೋಗದೆ ನಿಂತವರು ಗುರುಪಾದಪ್ಪ ಹೂಗಾರ.

ಅರವತ್ತು ವರ್ಷ, ದುಂಡು ಹೊಟ್ಟೆ, ಬಿಳಿ ಮೀಸೆ. ಸರ್ಕಾರಿ ಬಸ್ಸಿನ ಚಾಲಕರಾಗಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾಗಿ ಒಂದು ತಿಂಗಳಾಗಿತ್ತು. ಮಗಳ ಮನೆಯ ಚಿಕ್ಕ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದವರು ನನ್ನ ಕೆಳಗೆ ನಿಂತುಬಿಟ್ಟರು.

"ದಸ್ತಗೀರ, ಇದು ರೇಸಿಂದಲ್ಲೇನು?"

"ಹೌದ್ರಿ ಕಾಕಾ. ಯಾರಿಗಿ ಬೇಕಾಗಿತ್ರಿ? ಮೊಮ್ಮಗಗೇನು?"

"ನನಗ."

ದಸ್ತಗೀರ ಪಂಪು ಹೊಡೆಯುವುದನ್ನು ನಿಲ್ಲಿಸಿದ. ಗುರುಪಾದಪ್ಪ ಮೀಸೆ ಒರೆಸಿಕೊಂಡು ಹೇಳಿದರು: "ದಿನಾ ಮುಂಜಾನಿ ಮೊದಲನೇ ಗಾಡಿ ಒಯ್ಯಾಂವ ನಾನು. ದಾರ್ಯಾಗ ಈ ಸೈಕಲ್ ಹುಡುಗ್ರು ಸಿಗತಿದ್ರು. ಅವರು ಅಂಜಬಾರದಂತ ಹಾರ್ನ್ ಹೊಡೀಲಾರದ, ಗಾಡಿ ಸಾವಕಾಶ ಮಾಡಿ ಹಿಂದಿಂದ ಹೋಗತಿದ್ದೆ. ಮೂವತ್ನಾಲ್ಕ ವರ್ಷ ಅವರ ಬೆನ್ನ ನೋಡೇನಿ, ತಮ್ಮಾ. ಒಮ್ಮೆ ನಾನೂ ಹಂಗ ಹೋಗಿ ನೋಡಬೇಕು."

ಅಂದು ಸಂಜೆಯೇ ನಾನು ಅವರ ಮನೆಗೆ ಹೋದೆ. ಅವರು ಹತ್ತಿಕೊಂಡು ಹೋಗಲಿಲ್ಲ. ದನ ಹಿಡಿದುಕೊಂಡು ಹೋದಂತೆ ಪಕ್ಕದಲ್ಲಿ ನಡೆಸಿಕೊಂಡು ಹೋದರು. ಬಾಗಿಲಲ್ಲಿ ಹೆಂಡತಿ ಕಾಶೀಬಾಯಿ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ ಕೇಳಿದ್ದು ಒಂದೇ: "ಇದರ ಮ್ಯಾಲ ನಾ ಎಲ್ಲಿ ಕುಂದ್ರಬೇಕು?"

ಮೊದಲ ತಿಂಗಳು ನನಗೆ ನಗುವೋ ನಗು. ರಬ್ಬರ್ ಬ್ಯಾಂಡಿನಿಂದ ಪೈಜಾಮದ ಕಾಲು ಬಿಗಿದು ಅವರು ಹೊರಡುತ್ತಿದ್ದರು. ತಿರುವಿನಲ್ಲಿ ರಸ್ತೆ ಖಾಲಿಯಿದ್ದರೂ ಕೈ ಚಾಚಿ ಸೂಚನೆ ಕೊಡುತ್ತಿದ್ದರು. ಇನ್ನೊಂದು ಅಭ್ಯಾಸವಿತ್ತು: ಬಸ್ ಸ್ಟಾಪು ಕಂಡರೆ ಸಾಕು, ಅವರ ಕೈ ತಾನಾಗಿಯೇ ನನ್ನ ಬ್ರೇಕಿಗೆ ಹೋಗುತ್ತಿತ್ತು. ತಿಕೋಟಾ ರಸ್ತೆಯ ಒಂದು ಸ್ಟಾಪಿನಲ್ಲಿ ಹಾಗೆ ನಿಂತಾಗ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಗುರುತು ಹಿಡಿದು, "ಡ್ರೈವರ್ ಸಾಹೇಬ್ರ, ಇದರಾಗ ಎಷ್ಟ ಸೀಟ್ರಿ?" ಎಂದಳು. ಗುರುಪಾದಪ್ಪನವರು ನಕ್ಕ ರಭಸಕ್ಕೆ ಸಮತೋಲ ತಪ್ಪಿ, ಇಬ್ಬರೂ ಒಟ್ಟಿಗೆ ಮಗ್ಗುಲಾದೆವು. ನನ್ನ ಬಲಗಡೆಯ ನೀಲಿ ಅಲ್ಲಿ ಕಿತ್ತಿತು.

ಆರು ತಿಂಗಳಲ್ಲಿ ಹೊಟ್ಟೆ ಕರಗಿತು. ಸವಾರರನ್ನು ನಾನು ನೋಡುವುದು ಕೆಳಗಿನಿಂದ. ನನಗೆ ಕಾಣುವುದು ಗದ್ದ, ಮೂಗಿನ ತುದಿಯ ಬೆವರು, ಮೇಲೆ ಕೆಳಗೆ ಆಡುವ ಮೊಣಕಾಲು. ಮೊದಲೆಲ್ಲ ಹೊಟ್ಟೆಯ ಮರೆಗೆ ಗದ್ದವೇ ಕಾಣುತ್ತಿರಲಿಲ್ಲ. ಈಗ ಕಂಡಿತು.

ಡಿಸೆಂಬರಿನಲ್ಲಿ ಊರಿನ ಗುಮ್ಮಟ ಪೆಡಲ್ ಬಳಗದವರು ಟೈಮ್ ಟ್ರಯಲ್ ನಡೆಸುತ್ತಿದ್ದರು. ಹವ್ಯಾಸಿಗಳ ಸ್ಪರ್ಧೆ. ಬೈಪಾಸಿನಿಂದ ತಿಕೋಟಾ ಕಡೆಗೆ ಹತ್ತು ಕಿಲೋಮೀಟರು ಹೋಗಿ, ಸುಣ್ಣ ಬಳಿದ ಡ್ರಮ್ಮು ಸುತ್ತಿ, ಅದೇ ದಾರಿಯಲ್ಲಿ ವಾಪಸು. ಅರವತ್ತು ಮೇಲ್ಪಟ್ಟವರಿಗೂ ಒಂದು ವಿಭಾಗವಿತ್ತು. ಗುರುಪಾದಪ್ಪ ಹೆಸರು ಬರೆಸಿ ಬಂದರು. ಅಂದು ಮನೆಯಲ್ಲಿ ನಡೆದ ಗಲಾಟೆ ಸೈಕಲ್ಲಿನದಲ್ಲ, ಚಡ್ಡಿಯದು.

"ಅರವತ್ತೊಂದರಾಗ ಚಡ್ಡಿ ಹಾಕ್ಕೊಂಡು ಹೈವೇ ಮ್ಯಾಲ? ಬೀಗರು ನೋಡಿದ್ರ ಏನಂದಾರು?" ಎಂದರು ಕಾಶೀಬಾಯಿ.

"ಪೈಜಾಮಾ ಚೈನಿನಾಗ ಸಿಗತೈತಿ, ಕಾಶಿ."

"ಸಿಗಲಿ."

ಆದರೂ ಸ್ಪರ್ಧೆಯ ಹಿಂದಿನ ದಿನ ಅಂಗಡಿಯಿಂದ ತಂದ ಕರಿ ಚಡ್ಡಿಯನ್ನು ಒಗೆದು ಒಣಗಿಸಿ ಮಡಚಿಟ್ಟವರು ಅವರೇ.

ಸ್ಪರ್ಧೆಯ ದಿನ ನಮ್ಮನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟರು. ನಮಗಿಂತ ಒಂದು ನಿಮಿಷ ಮೊದಲು ಹೊರಟವರು ಕುಲಕರ್ಣಿ ಮಾಸ್ತರರು. ನಿವೃತ್ತ ದೈಹಿಕ ಶಿಕ್ಷಕರು, ಅರವತ್ತನಾಲ್ಕು ವರ್ಷ, ಜೋಳದ ದಂಟಿನಂಥ ಮೈ. ಹೊರಟ ಐದು ನಿಮಿಷಕ್ಕೆ ಅವರು ನಮ್ಮ ಕಣ್ಣಿಗೆ ಕಾಣದಾದರು. ಹೋಗುವಾಗ ಗಾಳಿ ನಮ್ಮ ಬೆನ್ನಿಗಿತ್ತು. ಗುರುಪಾದಪ್ಪ ಹುರುಪಿನಿಂದ ತುಳಿದರು. ಡ್ರಮ್ಮು ಸುತ್ತಿ ಪೂರ್ವಕ್ಕೆ ತಿರುಗಿದೊಡನೆ ಚಳಿಗಾಲದ ಮೂಡಗಾಳಿ ಎದೆಗೆ ಬಂದು ನಿಂತಿತು. ಕಾಲುವೆ ಸೇತುವೆಯ ಹೊತ್ತಿಗೆ ಅವರ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಕೊನೆಯ ಐದು ಕಿಲೋಮೀಟರು ನಾವು ತೆವಳಿದೆವು.

ಗೆರೆ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಬ್ಯಾನರು ಇಳಿದಿತ್ತು. ಮೇಜು ಕುರ್ಚಿಗಳು ಟೆಂಪೋ ಏರಿ ಹೋಗಿದ್ದವು. ಬೇವಿನ ಮರದ ಕೆಳಗೆ ಬೋರಲು ಹಾಕಿದ ಬಾಳೆಹಣ್ಣಿನ ಬುಟ್ಟಿಯ ಮೇಲೆ ಕಾಶೀಬಾಯಿ ಒಬ್ಬರೇ ಕುಳಿತಿದ್ದರು, ಗಂಡನ ಕೈಗಡಿಯಾರವನ್ನು ಅಂಗೈಯಲ್ಲಿ ಹಿಡಿದುಕೊಂಡು.

"ಎಲ್ಲಾರೂ ಎಲ್ಲಿ?"

"ನಾಷ್ಟಾ ಮಾಡಾಕ ಹ್ವಾದ್ರು. ನಾ ಹೇಳಿದೆ, ಇನ್ನಾ ನಮ್ಮವರು ಬರಬೇಕ್ರಿ ಅಂತ. ಅವರು ಟೈಮ್ ಮುಗೀತ ಅಜ್ಜೀ ಅಂದ್ರು." ಕಾಶೀಬಾಯಿ ಗಡಿಯಾರ ನೋಡಿದರು. "ಐವತ್ತಾರು ನಿಮಿಷ ಆತು. ನಾ ಬರಕೊಂಡೇನಿ."

ಮರುದಿನ ಬಳಗದ ಕಚೇರಿಯ ಗೋಡೆಗೆ ಫಲಿತಾಂಶ ಅಂಟಿಸಿದ್ದರು. ಗುರುಪಾದಪ್ಪ ನನ್ನನ್ನು ಕಿಟಕಿಗೆ ಒರಗಿಸಿ, ಕನ್ನಡಕ ಹಾಕಿ, ಹಾಳೆಯ ಮೇಲೆ ಬೆರಳಿಟ್ಟು ಓದಿದರು. ಅರವತ್ತು ಮೇಲ್ಪಟ್ಟವರು: ಕುಲಕರ್ಣಿ, ಮೂವತ್ತೇಳು ನಿಮಿಷ. ಅಷ್ಟೇ. ತಡವಾಗಿ ಬಂದರು ಎಂದಾಗಲಿ, ಸೋತರು ಎಂದಾಗಲಿ ಬರೆದಿರಲಿಲ್ಲ. ಹೂಗಾರ ಎಂಬ ಹೆಸರೇ ಇರಲಿಲ್ಲ.

ಬಳಗದ ಕಾರ್ಯದರ್ಶಿ ಆನಂದ, ಮೂವತ್ತರ ತರುಣ, ಒಳಗಿನಿಂದ ಬಂದು ಮೆತ್ತಗೆ ಹೇಳಿದ: "ಕಾಕಾ, ಐವತ್ತು ನಿಮಿಷದೊಳಗ ಬಂದವರದ್ದಷ್ಟ ಹೆಸರು ಬರೀತೀವ್ರಿ. ರೂಲ್ಸ್ ಐತಿ."

"ಮೂವತ್ನಾಲ್ಕ ವರ್ಷ ನಾ ಗಾಡಿ ಹೊಡದೇನಿ," ಎಂದರು ಗುರುಪಾದಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹಳ್ಳ ಬಂದಾಗ, ಟಾಯರ್ ಒಡದಾಗ, ತಡಾ ಆಗೈತಿ. ತಡಾ ಆತು ಅಂತ ಡಿಪೋದಾಗ ಬರಕೋತಿದ್ರು. ಆದರ ಬಂದ ಗಾಡೀನ ಬಂದೇ ಇಲ್ಲ ಅಂತ ಯಾರೂ ಬರದಿಲ್ಲಪಾ."

ಆನಂದ ಕಾಲು ಬದಲಿಸಿ ನಿಂತು ಇನ್ನೊಂದು ಸುದ್ದಿ ಹೇಳಿಬಿಟ್ಟ. ಆ ವಿಭಾಗದಲ್ಲಿ ಎರಡು ವರ್ಷದಿಂದ ಕುಲಕರ್ಣಿ ಮಾಸ್ತರರೊಬ್ಬರೇ ಗುರಿ ಮುಟ್ಟುತ್ತಿದ್ದರು. ಒಬ್ಬರೇ ಇದ್ದರೆ ಸ್ಪರ್ಧೆ ಹೇಗಾಗುತ್ತದೆ? ಮುಂದಿನ ವರ್ಷವೂ ಇಬ್ಬರು ಹೊತ್ತಿನೊಳಗೆ ಬರದಿದ್ದರೆ ವಿಭಾಗವನ್ನೇ ತೆಗೆಯುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು.

ಮನೆಗೆ ಹೋಗುವಾಗ ಅವರು ನನ್ನ ಮೇಲೆ ಕೂರಲಿಲ್ಲ.

ಮೂರನೆಯ ದಿನ ಬಾಗಿಲಲ್ಲಿ ಸೈಕಲ್ಲಿನ ಸದ್ದಾಯಿತು. ಕುಲಕರ್ಣಿ ಮಾಸ್ತರರು! ಚಹಾ ಬರುವವರೆಗೂ ಕಾಯದೆ ವಿಷಯಕ್ಕೆ ಬಂದರು.

"ಹೂಗಾರ್ರ, ನಿಮ್ಮ ಕಡೆ ನಂದೊಂದು ಸ್ವಾರ್ಥದ ಕೆಲಸ ಅದ. ಮುಂದಿನ ವರ್ಷ ನೀವು ಐವತ್ತು ನಿಮಿಷದಾಗ ಬರಬೇಕು. ಇಲ್ಲಂದ್ರ ನನ್ನ ರೇಸೂ ಮುಗೀತು."

"ನಾ ಏನ್ ಮಾಡ್ಲಿ ಮಾಸ್ತರ? ಅರ್ಧಾ ದಾರ್ಯಾಗ ಕಾಲು ಸಾಯ್ತಾವು."

"ಕಾಲು ಸಾಯೂದಿಲ್ಲ, ನೀವು ಕೊಲ್ಲತೀರಿ. ಗಾಳಿ ಬೆನ್ನಿಗದ ಅಂತ ಹೋಗಾಗ ಎಲ್ಲಾ ಖರ್ಚು ಮಾಡಿಬಿಟ್ರ ಬರಾಗ ಏನು ಉಳೀತದ? ನಾಳೆ ಆರಕ್ಕ ಬರ್ತೀನಿ, ತಯಾರಿರ್ರಿ."

ಅಂದಿನಿಂದ ವಾರಕ್ಕೆ ನಾಲ್ಕು ದಿನ ನಾವು ನಾಲ್ವರು ರಸ್ತೆಯಲ್ಲಿರುತ್ತಿದ್ದೆವು: ಇಬ್ಬರು ಹಿರಿಯರು, ಎರಡು ಸೈಕಲ್ಲು. ಮಾಸ್ತರರು ಇನ್ನೂ ಶಾಲೆಯಲ್ಲಿದ್ದಂತೆಯೇ ಗದರುತ್ತಿದ್ದರು. "ಮೊಣಕೈ ಒಳಗ! ತಲಿ ಕೆಳಗ! ನೀವು ಬಸ್ಸಿನ ಸ್ಟೇರಿಂಗ್ ಹಿಡದಿಲ್ಲ!" ಗುರುಪಾದಪ್ಪ ತುಟಿಪಿಟಕ್ಕೆನ್ನದೆ ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ಗಾಳಿ ನನ್ನ ಮೇಲಿಂದ ಜಾರಿ ಹೋಗುವುದು ನನಗೆ ಮತ್ತೆ ತಿಳಿಯತೊಡಗಿತು. ಎಷ್ಟೋ ವರ್ಷವಾಗಿತ್ತು.

ಆದರೆ ಒಂದು ಉಪಾಯ ಮಾತ್ರ ಮಾಸ್ತರರದಲ್ಲ, ಗುರುಪಾದಪ್ಪನವರದು. ಒಂದು ದಿನ ಊಟಕ್ಕೆ ಕುಳಿತವರು ಅರ್ಧಕ್ಕೇ ಕೈ ನಿಲ್ಲಿಸಿ ಹೇಳಿದರು: "ಕಾಶಿ, ನಾ ಇಪ್ಪತ್ತು ಕಿಲೋಮೀಟರ್ ಅಂದ್ರ ಅಂಜತೇನಿ. ವೇಳಾಪತ್ರಕ ಅಂದ್ರ ಅಂಜಂಗಿಲ್ಲ. ಒಂದು ಹಾಳಿ ತಾ."

ಅವರು ಹೇಳಿದರು, ಕಾಶೀಬಾಯಿ ದುಂಡನೆಯ ಅಕ್ಷರದಲ್ಲಿ ಬರೆದರು. ಹಾಲಿನ ಡೇರಿ, ಐದು ನಿಮಿಷ. ಕಾಲುವೆ ಸೇತುವೆ, ಹನ್ನೆರಡು. ದ್ರಾಕ್ಷಿ ತೋಟ, ಹದಿನೆಂಟು. ಡ್ರಮ್ಮು, ಇಪ್ಪತ್ತಮೂರು. ವಾಪಸು ದ್ರಾಕ್ಷಿ ತೋಟ, ಇಪ್ಪತ್ತೊಂಬತ್ತು. ಸೇತುವೆ, ಮೂವತ್ತಾರು. ಡೇರಿ, ನಲವತ್ತನಾಲ್ಕು. ಗೆರೆ, ನಲವತ್ತೊಂಬತ್ತು.

"ಒಂದು ನಿಮಿಷ ಉಳೀತಲ್ಲ?" ಎಂದರು ಕಾಶೀಬಾಯಿ.

"ಅದು ಎಮ್ಮಿ ಅಡ್ಡ ಬಂದ್ರ."

ಮುಂದಿನ ಡಿಸೆಂಬರ್ ಬಂತು. ಆ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪಕ್ಕದಲ್ಲೇ ತಮ್ಮ ಕೈಗಡಿಯಾರ ಸೇರಿಸಿ ನನ್ನ ಹ್ಯಾಂಡಲ್ಲಿಗೆ ಕಟ್ಟಿದ್ದರು. ಈ ಸಲ ಅರವತ್ತು ದಾಟಿದವರು ಗುರುಪಾದಪ್ಪ, ಮಾಸ್ತರರು ಇಬ್ಬರೇ. ನಾವು ಮೊದಲು, ಒಂದು ನಿಮಿಷದ ಹಿಂದೆ ಮಾಸ್ತರರು. ಆನಂದ ಐದು, ನಾಲ್ಕು, ಮೂರು ಎಂದು ಬೆರಳು ಮಡಚಿದ. ಹೊರಟೆವು.

ಎರಡು ಕಿಲೋಮೀಟರಿಗೇ ಮಾಸ್ತರರು ಬಾಣದಂತೆ ನಮ್ಮನ್ನು ದಾಟಿದರು. "ಹಿಂದ ಹತ್ತಬ್ಯಾಡ್ರಿ! ನಿಮ್ಮ ಟೈಮ್ ನೋಡ್ಕೋರಿ!" ಎಂದು ಕೂಗಿ ಹೋದರು. ಗುರುಪಾದಪ್ಪ ಹಿಂದೆ ಹತ್ತಲಿಲ್ಲ. ಬೆನ್ನಿಗೆ ಗಾಳಿಯಿತ್ತು, ಕಾಲಿನಲ್ಲಿ ಹುರುಪಿತ್ತು, ಆದರೂ ಲಗಾಮು ಬಿಗಿಹಿಡಿದು ಕೂತರು. ಡೇರಿ, ಐದು ನಿಮಿಷ. ಸೇತುವೆ, ಹನ್ನೆರಡು. ಡ್ರಮ್ಮಿನ ಹತ್ತಿರ ಗಡಿಯಾರ ಇಪ್ಪತ್ತಮೂರು ತೋರಿಸಿದಾಗ ಮೀಸೆಯ ಕೆಳಗೆ ಒಂದು ನಗು ಮೂಡಿದ್ದು ನನಗಷ್ಟೇ ಕಂಡಿತು.

ತಿರುಗಿದೆವು. ಗಾಳಿ ಅಲ್ಲೇ ಕಾದಿತ್ತು, ಹೋದ ವರ್ಷಕ್ಕಿಂತ ಜೋರಾಗಿ. ಮೊಣಕೈ ಒಳಗೆ, ತಲೆ ಕೆಳಗೆ. ಅವರ ಬೆವರು ಹನಿಹನಿಯಾಗಿ ನನ್ನ ಮೇಲೆ ಬಿತ್ತು. ದ್ರಾಕ್ಷಿ ತೋಟಕ್ಕೆ ಸರಿಯಾಗಿ ಬಂದೆವು. ಸೇತುವೆಗೂ ಸರಿಯಾಗಿ ಬಂದೆವು. ಆಮೇಲೆ ಕಾಲು ಭಾರವಾದವು. ಡೇರಿಯ ಬೋರ್ಡು ದಾಟುವಾಗ ಗಡಿಯಾರ ನಲವತ್ತನಾಲ್ಕೂವರೆ. ಅರ್ಧ ನಿಮಿಷ ಹೋಯಿತು. ಅವರ ಉಸಿರು ಬದಲಾದದ್ದು ನನಗೆ ಕೇಳಿಸಿತು. ಹೋದ ವರ್ಷ ಇಂಥ ಉಸಿರಿನ ಹಿಂದೆಯೇ ಕೈ ಸಡಿಲಾಗಿತ್ತು.

ಆಗಲೇ, ನೇರ ರಸ್ತೆಯ ತುದಿಯಲ್ಲಿ, ಏನೋ ಕಂಡಿತು. ಯಾರೋ ಓಡುತ್ತಿದ್ದರು. ಪಕ್ಕದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಓಡುತ್ತಿದ್ದರು.

ಕುಲಕರ್ಣಿ ಮಾಸ್ತರರು! ಡೇರಿಗೆ ಅರ್ಧ ಮೈಲಿ ಇರುವಾಗಲೇ ಅವರ ಹಿಂದಿನ ಟೈರು ಪಂಕ್ಚರ್ ಆಗಿತ್ತು. ಭಾರ ಬೇಡವೆಂದು ಹೆಚ್ಚಿನ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಸೈಕಲ್ಲು ಜೊತೆಗಿದ್ದರೆ ನಡೆದಾದರೂ ಗೆರೆ ಮುಟ್ಟಬಹುದೆಂದು ನಿಯಮವಿತ್ತು. ಅದನ್ನು ನೆನೆದು, ಬೂಟು ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿ, ಕಾಲುಚೀಲದಲ್ಲೇ ಮೂರು ಕಿಲೋಮೀಟರು ಓಡಲು ಹೊರಟಿದ್ದರು, ಅರವತ್ತೈದರ ವಯಸ್ಸಿನಲ್ಲಿ.

ಗುರುಪಾದಪ್ಪ ಏನು ಯೋಚಿಸಿದರೋ ನನಗೆ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ಪೆಡಲ್ಲಿನ ಮೇಲೆ ಒಮ್ಮೆಲೇ ಭಾರ ಬಿತ್ತು. ಸೋನಿಯ ಕಾಲ ಮುಗಿದ ಮೇಲೆ ಅಂಥ ತುಳಿತ ನಾನು ಕಂಡಿರಲಿಲ್ಲ. ಚೈನು ಬಿಗಿಯಿತು. ಓಡುವ ಆಕೃತಿ ದೊಡ್ಡದಾಗುತ್ತ ಬಂತು. ಬ್ಯಾನರು ಕಂಡಿತು. ಗೆರೆಗೆ ಮುನ್ನೂರು ಮೀಟರು ಇರುವಾಗ ನಾವು ಮಾಸ್ತರರ ಸಮಕ್ಕೆ ಬಂದೆವು. ಅವರ ಮುಖ ಕೆಂಡವಾಗಿತ್ತು. ಕಾಲುಚೀಲದ ಹೆಬ್ಬೆರಳು ಹರಿದು ರಕ್ತ ಇಣುಕಿತ್ತು.

ದಾರಿಯಲ್ಲಿ ಒಬ್ಬರು ಸಂಕಟದಲ್ಲಿದ್ದರೆ ದಾಟಿ ಹೋಗುವುದು ಗುರುಪಾದಪ್ಪನವರಿಗೆ ಗೊತ್ತಿರಲಿಲ್ಲ. ಬೆರಳುಗಳು ಬ್ರೇಕಿನ ಮೇಲೆ ಬಂದವು. ನನಗೆ ಎದೆ ಎಂಬುದಿದ್ದರೆ ಅದು ಅಲ್ಲಿ ನಿಂತೇ ಹೋಗುತ್ತಿತ್ತು.

"ನಿಲ್ಲಿಸಿದ್ರ ನೋಡ್ರಿ!" ಮಾಸ್ತರರು ಏದುಸಿರಿನಲ್ಲೇ ಗದರಿದರು. "ಇಬ್ಬರದೂ ಹೆಸರು ಬೇಕು! ಹೋಗ್ರಿ!"

ಬೆರಳು ಬ್ರೇಕು ಬಿಟ್ಟವು.

ನಾವು ಗೆರೆ ದಾಟಿದಾಗ ಆನಂದ ಕೂಗಿದ: "ನಲವತ್ತೊಂಬತ್ತು, ನಲವತ್ತೆರಡು!" ಗುರುಪಾದಪ್ಪ ಇಳಿದವರೇ ನನ್ನನ್ನು ಕಾಶೀಬಾಯಿಯ ಕೈಗೆ ಕೊಟ್ಟು, ತಿರುಗಿ ಗೆರೆಯ ಬದಿಗೆ ನಿಂತು ಕೂಗತೊಡಗಿದರು. "ಬರ್ರಿ ಮಾಸ್ತರ! ಬರ್ರಿ!" ಮಾಸ್ತರರು ಒಂದು ನಿಮಿಷ ತಡವಾಗಿ ಹೊರಟವರು, ಅವರ ಗಡಿಯಾರ ಇನ್ನೂ ಓಡುತ್ತಿತ್ತು. ಉಳಿದ ಸವಾರರೆಲ್ಲ ಬಾಳೆಹಣ್ಣು ಬಿಟ್ಟು ಎದ್ದು ಬಂದರು. ಕಾಶೀಬಾಯಿ ನನ್ನ ಸೀಟನ್ನು ಹಿಡಿದ ಹಿಡಿತಕ್ಕೆ ಅವರ ಬಳೆಯೊಂದು ಒಡೆಯಿತು. ಮಾಸ್ತರರು ಗೆರೆಯ ಮೇಲೆ ಬಿದ್ದರು ಎನ್ನಬೇಕು, ದಾಟಿದರು ಎನ್ನುವ ಹಾಗಿರಲಿಲ್ಲ. ಆದರೆ ಸೈಕಲ್ಲಿನ ಮುಂದಿನ ಗಾಲಿ ಆಚೆಗಿತ್ತು.

"ನಲವತ್ತೊಂಬತ್ತು, ಐವತ್ತೇಳು!"

ಬೇವಿನ ಮರದ ಕೆಳಗೆ ಅವರ ತಲೆಗೆ ನೀರು ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಸೈಕಲ್ ರೇಸ್ ಓಡಿ ಮುಗಿಸಿದಾಂವ ನಾನೊಬ್ಬನ ಇರಬೇಕು," ಎಂದರು.

ಆಮೇಲೆ ಯಾರಿಗೋ ಹೊಳೆಯಿತು. ಹದಿನೈದು ಸೆಕೆಂಡಿನಿಂದ ಗೆದ್ದವರು ಹೂಗಾರ! ಗುರುಪಾದಪ್ಪನವರಿಗೆ ಪದಕ ಹಾಕಲು ಬಂದಾಗ ಅವರು ಹಿಂದೆ ಸರಿದರು. "ಇದು ನಂದಲ್ಲ. ಪಂಕ್ಚರ್ ಆಗಿರಲಿಲ್ಲಂದ್ರ..."

"ಹೂಗಾರ್ರ," ಎಂದರು ಮಾಸ್ತರರು, "ಟ್ಯೂಬ್ ಒಯ್ಯಲಾರದ ಶ್ಯಾಣ್ಯಾತನ ನಂದು. ಗಡಿಯಾರಕ್ಕ ನೆವ ಕೇಳಸೂದಿಲ್ಲ. ಸುಮ್ಮನ ಕೊರಳು ಬಗ್ಗಸ್ರಿ."

ಮರುದಿನ ಹಾಳೆಯ ಮೇಲೆ ಎರಡು ಹೆಸರಿದ್ದವು. ಗುರುಪಾದಪ್ಪ ಅದನ್ನು ಮೂರು ಸಲ ಓದಿದರು. ಆಮೇಲೆ ಕಾಶೀಬಾಯಿಯನ್ನು ಕರೆತಂದು ಓದಿಸಿದರು.

"ಹೂಗಾರಕ್ಕ ದೀರ್ಘ ತಪ್ಪ್ಯಾರ," ಎಂದರು ಕಾಶೀಬಾಯಿ. ಆನಂದನ ಕೈಯಿಂದ ಪೆನ್ನು ಇಸಿದುಕೊಂಡು ತಾವೇ ತಿದ್ದಿದರು.

ವಿಭಾಗ ಉಳಿಯಿತು. ಮುಂದಿನ ವರ್ಷ ಮಾಸ್ತರರು ಟ್ಯೂಬು ಒಯ್ದರು ಮತ್ತು ನಮ್ಮನ್ನು ಹತ್ತು ನಿಮಿಷದಿಂದ ಸೋಲಿಸಿದರು. ಅದರ ಮುಂದಿನ ವರ್ಷ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರೂ ಹಲ್ಲಿನ ಡಾಕ್ಟರೊಬ್ಬರೂ ಸೇರಿದರು, ನಾಲ್ವರಾದೆವು. ಅರವತ್ತಾರರಲ್ಲಿ ಗುರುಪಾದಪ್ಪ ನಲವತ್ತನಾಲ್ಕು ನಿಮಿಷಕ್ಕೆ ಬಂದರು. ಮತ್ತೆ ಮೊದಲಿಗರಾಗಲಿಲ್ಲ. ಆಗಬೇಕೆಂದು ಅವರು ತುಳಿದಂತೆಯೂ ನನಗೆ ಕಾಣಲಿಲ್ಲ. ಡೇರಿಯ ಹತ್ತಿರ ಹತ್ತು ಸೆಕೆಂಡು ಉಳಿದರೆ ಅವರಿಗೆ ಅದೇ ಹಬ್ಬ.

ಅದರ ಮುಂದಿನ ಬೇಸಿಗೆಯಲ್ಲಿ ನನ್ನೊಳಗಿನಿಂದ ಕಿರ್ ಕಿರ್ ಎಂಬ ಸದ್ದು ಹೊರಟಿತು. ದಸ್ತಗೀರ ನನ್ನನ್ನು ತಲೆಕೆಳಗು ಮಾಡಿ, ಬಟ್ಟೆಯಿಂದ ಒರೆಸಿ, ಹಿಂದಿನ ಕೊಳವೆಯೊಂದರ ಮೇಲೆ ಉಗುರಿಟ್ಟ.

"ಸೀಳೈತ್ರಿ ಕಾಕಾ. ಇದು ಅಲ್ಯೂಮಿನಿಯಂ, ಬೆಸದ್ರೂ ನಂಬಂಗಿಲ್ಲ. ರಸ್ತಾದಾಗ ಮುರದ್ರ ನಿಮ್ಮ ಹಲ್ಲು ಹೋಗ್ತಾವು."

ಗುರುಪಾದಪ್ಪ ಆ ಸೀಳಿನ ಮೇಲೊಮ್ಮೆ ಹೆಬ್ಬೆರಳು ಆಡಿಸಿ, ಗೋಡೆಗೆ ನೇತಿದ್ದ ಇನ್ನೊಂದು ರೇಸ್ ಸೈಕಲ್ಲು ಕೊಂಡರು. ನನ್ನ ಮುಂದಿನ ಗಾಲಿ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ಅವರ ಹೊಸ ಸೈಕಲ್ಲಿಗೆ ಹಾಕಿದರು. ಗುಜರಿಗೆ ಹಾಕೋಣವೇ ಎಂದು ದಸ್ತಗೀರ ಕೇಳಿದಾಗ ಅಂಗಡಿಗೆ ಬಂದಿದ್ದ ಕಾಶೀಬಾಯಿ ನಡುವೆ ಬಾಯಿ ಹಾಕಿದರು.

"ನಿಂತಲ್ಲೇ ತುಳಿಯೂ ಹಂಗ ಮಾಡಾಕ ಬರತೈತೇನೋ ದಸ್ತಗೀರ? ಡಾಕ್ಟರು ನನ್ನ ಮೊಣಕಾಲಿಗಿ ಕಸರತ್ತು ಹೇಳ್ಯಾರ."

ಹೀಗೆ ನಾನು ಅವರ ಮನೆಯ ಪಡಸಾಲೆಯ ಮೂಲೆಗೆ ಬಂದೆ. ನಿಲ್ಲುವುದಕ್ಕಾಗಿ ಹುಟ್ಟದ ನನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ನಿಲ್ಲಿಸಿದ್ದಾರೆ. ಹಿಂದಿನ ಗಾಲಿ ಮಾತ್ರ ಒಂದು ಉರುಳೆಯ ಮೇಲೆ ತಿರುಗುತ್ತದೆ. ಕಿಲೋಮೀಟರು ತೋರಿಸುವ ಸಣ್ಣ ಮೀಟರೊಂದನ್ನು ದಸ್ತಗೀರ ಕೂರಿಸಿದ್ದಾನೆ. ಅರವತ್ತೆರಡು ವರ್ಷದವರೆಗೆ ಯಾವ ಸೈಕಲ್ಲನ್ನೂ ತುಳಿಯದ ಕಾಶೀಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಎತ್ತಿ ಕಟ್ಟಿ, ನನ್ನ ಮೇಲೆ ಏರುತ್ತಾರೆ. ಮೊದಲ ದಿನ ಐದು ನಿಮಿಷ ತುಳಿದು ಸುತ್ತ ನೋಡಿ, "ಅಯ್ಯ, ಇನ್ನಾ ಇಲ್ಲೇ ಅದೀನಲ್ಲ!" ಎಂದು ನಕ್ಕರು.

ನಿಂತಲ್ಲೇ ಇರುವುದು ಅವರಿಗೆ ಎರಡು ವಾರಕ್ಕೇ ಬೇಸರವಾಯಿತು. ಅವರಿಗೆ ಒಂದು ಯೋಚನೆ ಬಂತು. ಆಷಾಢ ಹತ್ತಿರವಾಗಿತ್ತು. ಅವರು ಚಿಕ್ಕವರಿದ್ದಾಗ ಅವರ ಅವ್ವ ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದಳಂತೆ. ತಮಗೆ ಒಮ್ಮೆಯೂ ಆಗಿರಲಿಲ್ಲ. ಈಗಂತೂ ಮೊಣಕಾಲು ಬಿಡುವುದಿಲ್ಲ.

"ರೀ, ಇಲ್ಲಿಂದ ಪಂಢರಪುರಕ್ಕ ಎಷ್ಟ ಆಗತೈತಿ?"

ಆ ದಾರಿಯಲ್ಲಿ ಎಷ್ಟೋ ವರ್ಷ ಬಸ್ಸು ಓಡಿಸಿದ್ದ ಗುರುಪಾದಪ್ಪ ಊರೂರಿನ ಲೆಕ್ಕ ಹೇಳಿದರು. ಒಟ್ಟು ನೂರರ ಮೇಲೆ. ಕಾಶೀಬಾಯಿ ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು ಹೊರಟರು. ದಿನಕ್ಕೆ ಮೂರು, ನಾಲ್ಕು ಕಿಲೋಮೀಟರು. ಅಕ್ಕಪಕ್ಕದ ಹೆಂಗಸರು ಸೊಪ್ಪು ಸೋಸಲು ಇಲ್ಲಿಗೇ ಬಂದು ಕೂರತೊಡಗಿದರು. "ಎಲ್ಲಿ ಮಟಾ ಬಂತವ್ವಾ?" ಎಂದು ಕೇಳುವರು. "ಉಮದಿ ದಾಟೇನಿ," ಎನ್ನುವರು ಇವರು. ಮಂಗಳವೇಢೆ ಬಂದ ದಿನ ಎಲ್ಲರಿಗೂ ಚಹಾ ಆಯಿತು. ನಾನು ಒಂದು ಗೇಣೂ ಕದಲಲಿಲ್ಲ. ಆದರೂ ಇಷ್ಟು ಜನ ಜೊತೆಗಾರರನ್ನು ಕಟ್ಟಿಕೊಂಡು ನಾನು ಎಂದೂ ದಾರಿ ನಡೆದಿರಲಿಲ್ಲ.

ವೇಗವಾಗಿ ಓಡಿದ ದಿನಗಳನ್ನು ಕಂಡವನು ನಾನು. ಸೋನಿಯ ಜೊತೆ ಓಡಿದ ದಾರಿ ನನಗೆ ನೆನಪಿಲ್ಲ, ಅಷ್ಟು ಬೇಗ ಹಿಂದೆ ಸರಿಯಿತು. ಗುರುಪಾದಪ್ಪನವರ ಜೊತೆ ಓಡಿದ ದಾರಿಯ ಒಂದೊಂದು ಕಲ್ಲೂ ನೆನಪಿದೆ. ಕಾಶೀಬಾಯಿಯ ಜೊತೆ ಹೋದ ದಾರಿಯನ್ನು ನಾನು ನೋಡಲೇ ಇಲ್ಲ, ಆದರೆ ಅಲ್ಲಿನ ಪ್ರತಿ ಊರಿನ ಹೆಸರು ಗೊತ್ತು. ಸೀಳು ಬಿಟ್ಟ ಮೈಗೆ ಇಷ್ಟು ಬಾಳು ಉಳಿದಿತ್ತೆಂದು ಆ ದಿನ ಅಂಗಡಿಯಲ್ಲಿ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಏಕಾದಶಿಗೆ ಎರಡು ದಿನ ಮೊದಲೇ ಮೀಟರು ಪಂಢರಪುರ ಮುಟ್ಟಿತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಶೀಬಾಯಿ ಮೆಲ್ಲಗೆ ಇಳಿದು, ಉತ್ತರಕ್ಕೆ ತಿರುಗಿ ಕೈಮುಗಿದರು. ಎಲ್ಲರಿಗೂ ಸಕ್ಕರೆ ಹಂಚಿದರು. ನನ್ನ ಸೀಟಿನ ಮೇಲೂ ಒಂದು ಚಿಟಿಕೆ ಇಟ್ಟರು; ಇರುವೆ ಬಂದವು.

ಜನ ಕರಗಿದ ಮೇಲೆ ಅವರು ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತ, ಏನೋ ಮರೆತದ್ದು ನೆನಪಾದಂತೆ ತಲೆ ಎತ್ತಿದರು.

"ರೀ, ಹೋಗೂದೇನೋ ಹೋದೆ. ಈಗ ಹೊಳ್ಳಿ ಬರೂದು ಹೆಂಗ?"

ಗುರುಪಾದಪ್ಪ ಎದ್ದು ಬಂದು, ಬಗ್ಗಿ, ನನ್ನ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಗಾಳಿ ಐತಿ," ಎಂದರು. "ಮುಂಜಾನಿ ಹೊರಡು."